ಕಬ್ಬಿಣದ ತೊಲೆ, ಮರದ ಅಟ್ಟ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಕೊಡಗಿನ ಹಳೆ ಮನೆಗಳಲ್ಲಿ ಕುಟ್ಟೆ ಹಿಡಿದ ಮರದ ತೊಲೆ ತೆಗೆದು ಐ ಬೀಮ್ (I ಅಕ್ಷರದ ಆಕಾರದ ಕಬ್ಬಿಣದ ತೊಲೆ) ಕೂರಿಸುವುದು ಈಗ ಮಾಮೂಲಿ ಕೆಲಸ. ಹೋಮ್‌ಸ್ಟೇಗೆ ಅಂತ ಇಳಿಜಾರಿನ ಕಡೆಗೆ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಮರದ ಹಲಗೆ ಹಾಕಿ ಬಾಲ್ಕನಿ ಎಳೆಯುವುದೂ ಅಷ್ಟೇ. ಕಾಫಿ ಗೋಡೌನ್ ಒಳಗೆ ಅಟ್ಟ ಕಟ್ಟುವವರೂ ಇದೇ ದಾರಿ ಹಿಡಿಯುತ್ತಾರೆ. ಕೆಲಸ ಮುಗಿದಾಗ ಎಲ್ಲ ಗಟ್ಟಿಯಾಗೇ ಇರುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಶುರುವಾಗುತ್ತದೆ ನೋಡಿ, ಕಿರ್ ಅನ್ನುವ ಸದ್ದು, ನೆಲದ ಉಬ್ಬು, ಗೋಡೆಯ ಬಿರುಕು.

ಆಗ ಎಲ್ಲರೂ ಕೊಡುವ ಸಲಹೆ ಒಂದೇ. "ಕಬ್ಬಿಣ ಸಣ್ಣದಾಯ್ತು, ಒಂದು ಸೈಜ್ ದೊಡ್ಡದು ಹಾಕಿ." ನನ್ನ ಅಭಿಪ್ರಾಯ ಬೇರೆ. ಸಣ್ಣ ಮನೆಗಳಲ್ಲಿ ಕಬ್ಬಿಣ ಸೋಲುವುದು ಕಡಿಮೆ. ಸೋಲುವುದು ಮರ ಮತ್ತು ಕಬ್ಬಿಣ ಸೇರುವ ಜಾಗ, ಇಲ್ಲದಿದ್ದರೆ ಕಂಬದ ಬುಡ. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕಬ್ಬಿಣಕ್ಕೆ ತೇವದಿಂದ ಅಳತೆ ಬದಲಾಗುವುದಿಲ್ಲ. ಎರಡನ್ನೂ ಒಂದೇ ಬೋಲ್ಟಿನಲ್ಲಿ ಬಿಗಿದರೆ ಜಗಳ ಬರೋದು ಆ ಬೋಲ್ಟಿನ ಹತ್ತಿರವೇ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ ಇರುವ ನಮ್ಮ ಕಡೆ ಈ ಜಗಳ ಜಾಸ್ತಿ. ಭಾಗಮಂಡಲ, ಮಡಿಕೇರಿ ಕಡೆ ಒಂದು ತರಹ, ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಇನ್ನೊಂದು ತರಹ.

ಮುಂದೆ ಓದುವಾಗ ಕೆಲವು ಹೆಸರು ಗೊತ್ತಿರಲಿ. ನೆಲದ ಹಲಗೆಯನ್ನು ಹೊರುವ ಸಾಲು ಮರಗಳನ್ನು ಇಲ್ಲಿ ಜಂತೆ ಅಂತ ಕರೆಯುತ್ತೇನೆ. ಐ ಬೀಮಿನ ಮೇಲೆ ಕೆಳಗೆ ಇರುವ ಅಗಲ ಪಟ್ಟಿ ಫ್ಲ್ಯಾಂಜ್. ನಡುವೆ ನೆಟ್ಟಗೆ ನಿಂತದ್ದು ವೆಬ್.

ಮುಟ್ಟುವ ಮೊದಲು

ಹುಡುಕುವ ಕೆಲಸಕ್ಕೆ ದುಡ್ಡು ಬೇಕಿಲ್ಲ. ಟಾರ್ಚ್, ಟೇಪು, ಗಟ್ಟಿ ದಾರ, ರಸಮಟ್ಟ, ತೂಗುಗುಂಡು, ಹಳೆ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಸ್ಪ್ಯಾನರ್ ಇಷ್ಟು ಸಾಕು. ಪೆನ್ಸಿಲ್ ಮರೀಬೇಡಿ. ಬಿರುಕಿನ ಎರಡೂ ತುದಿಗೆ ಗೆರೆ ಎಳೆದು ತಾರೀಕು ಬರೆದರೆ ಅದೇ ನಿಮ್ಮ ಒಳ್ಳೆಯ ಸಾಕ್ಷಿ.

ಅಟ್ಟದ ಮೇಲಿನ ಭಾರ ಮೊದಲು ಇಳಿಸಿ. ಮುಚ್ಚಿಗೆ ಬಿಚ್ಚುವ ಮೊದಲು ಆ ಕಡೆಯ ಕರೆಂಟ್ ಮೇನ್ ಆಫ್ ಮಾಡಿ. ಹಳೆ ವೈರು ಜಂತೆಯ ಮೇಲೇ ಓಡಿರುತ್ತದೆ, ಇಲಿ ಕಚ್ಚಿರುತ್ತದೆ. ಮುಂದೆ ಹೇಳುವ ಸದ್ದು ಹುಡುಕುವ ಪರೀಕ್ಷೆ ಬಿಟ್ಟರೆ, ಕೆಳಗಿನಿಂದ ನೋಡುವಾಗ ಮೇಲೆ ಯಾರೂ ಓಡಾಡಬಾರದು. ಯಾವ ಬೋಲ್ಟನ್ನೂ ಪೂರ್ತಿ ಬಿಚ್ಚಬೇಡಿ. ಬಿಗಿ ಮಾಡಿ ನೋಡಬಹುದು, ತೆಗೆದು ನೋಡಬಾರದು.

ಲಕ್ಷಣ: ನಡೆದಾಗ ಕಿರ್ ಅನ್ನುತ್ತದೆ, ಟಕ್ ಅನ್ನುತ್ತದೆ

ಜನರಿಗೆ ಜಾಸ್ತಿ ಭಯ ಹುಟ್ಟಿಸುವುದು ಇದು. ಬಹಳ ಸಲ ಅಪಾಯ ಕಡಿಮೆ ಇರುವುದೂ ಇದರಲ್ಲೇ.

ಒಬ್ಬರು ಮೇಲೆ ನಿಧಾನ ನಡೆಯಲಿ, ಇನ್ನೊಬ್ಬರು ಬದಿಗೆ ನಿಂತು ಕೆಳಗಿನಿಂದ ಟಾರ್ಚ್ ಹಿಡಿಯಲಿ. ಸದ್ದು ಹಲಗೆಯಿಂದ ಬರುತ್ತಾ, ಜಂತೆ ಕಬ್ಬಿಣದ ಮೇಲೆ ಕೂತ ಜಾಗದಿಂದ ಬರುತ್ತಾ ನೋಡಿ. ಹಲಗೆಯಿಂದ ಬಂದರೆ ಮೊಳೆ ಸಡಿಲವಾಗಿದೆ ಅಷ್ಟೆ. ಮೊಳೆಯ ಪಕ್ಕದಲ್ಲಿ ಒಂದು ಸ್ಕ್ರೂ ಹಾಕಿದರೆ ಮುಗಿಯಿತು.

ಕಬ್ಬಿಣದ ಹತ್ತಿರ ಬಂದರೆ ನಟ್ಟಿಗೆ ಸ್ಪ್ಯಾನರ್ ಹಾಕಿ. ಅರ್ಧ ಸುತ್ತು, ಒಂದು ಸುತ್ತು ತಿರುಗಿತು ಅಂದರೆ ಕಾರಣ ಸಿಕ್ಕಿತು. ಹಸಿ ಮರದಲ್ಲಿ ಬಿಗಿದ ಬೋಲ್ಟು ಮೊದಲ ಬೇಸಿಗೆಯಲ್ಲಿ ಸಡಿಲವಾಗಲೇಬೇಕು. ಮರ ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಆದರೆ ಅಡ್ಡಕ್ಕೆ ಕುಗ್ಗುವುದು ಹಾಗಲ್ಲ. 200 ಮಿ.ಮೀ. ಎತ್ತರದ ಹಸಿ ಜಂತೆ ಪೂರ್ತಿ ಒಣಗುವಾಗ 6ರಿಂದ 8 ಮಿ.ಮೀ. ಕಳೆದುಕೊಳ್ಳಬಹುದು. ಅಷ್ಟು ಜಾಗದಲ್ಲಿ ಜಂತೆ ಕುಪ್ಪಳಿಸುತ್ತದೆ, ಸದ್ದು ಬರುತ್ತದೆ.

ಬಿಗಿ ಮಾಡುವಾಗ ವಾಷರ್ ನೋಡಿ. ಮರದ ಕಡೆ ಸಣ್ಣ ದುಂಡು ವಾಷರ್ ಹಾಕಿದ್ದರೆ ಅದು ಮರದೊಳಗೆ ಹೂತು ಹೋಗಿರುತ್ತದೆ. ಅದನ್ನೇ ಇನ್ನೂ ತಿರುಗಿಸಿದರೆ ಮರದ ನಾರು ಜಜ್ಜುತ್ತದೆ, ಹಿಡಿತ ಸಿಗುವುದಿಲ್ಲ. 50 ಮಿ.ಮೀ. ಚೌಕದ ದಪ್ಪ ತಗಡಿನ ವಾಷರ್ ಬೇಕು. ಅದನ್ನು ಹಾಕಲು ನಟ್ ತೆಗೆಯಬೇಕಾಗುತ್ತದೆ. ಜಂತೆಯ ಕೆಳಗೆ ಆಸರೆ ಕೊಟ್ಟು, ಒಂದು ಸಲಕ್ಕೆ ಒಂದೇ ನಟ್ ಅಂತ ಆಚಾರಿ ಕೈಯಲ್ಲಿ ಮಾಡಿಸಿ. ಏಪ್ರಿಲ್ ಸುಮಾರಿಗೆ ಒಂದು ಸಲ, ಮುಂದಿನ ವರ್ಷ ಅದೇ ಹೊತ್ತಿಗೆ ಇನ್ನೊಂದು ಸಲ ಎಲ್ಲ ಬೋಲ್ಟು ಬಿಗಿ ಮಾಡಿದರೆ ಸಾಮಾನ್ಯವಾಗಿ ಸದ್ದು ನಿಲ್ಲುತ್ತದೆ.

ಬೋಲ್ಟಿನ ಬದಲು ಕಬ್ಬಿಣ ಕೊರೆಯುವ ಸ್ಕ್ರೂ ಹೊಡೆದಿದ್ದರೆ ಇನ್ನೊಂದು ತೊಂದರೆ ಇದೆ. ಸ್ಕ್ರೂವಿನ ತುದಿ ಕಬ್ಬಿಣ ಕೊರೆಯುವಷ್ಟು ಹೊತ್ತು ಅದರ ಎಳೆ ಮರವನ್ನು ಮೇಲಕ್ಕೆ ಎತ್ತುತ್ತಿರುತ್ತದೆ. ತಲೆ ಬಿಗಿಯಾಗಿ ಕೂತಂತೆ ಕಾಣುತ್ತದೆ, ಮರ ಮತ್ತು ಕಬ್ಬಿಣದ ನಡುವೆ ಮಾತ್ರ ಸಂದು ಉಳಿದಿರುತ್ತದೆ. ಒಂದು ಹಳೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ತೂರಿತು ಅಂದರೆ ಮರದಲ್ಲಿ ಸ್ಕ್ರೂವಿಗಿಂತ ಸ್ವಲ್ಪ ದೊಡ್ಡ ತೂತು ಮಾಡಿ ಮತ್ತೆ ಹಾಕಿಸಬೇಕು. 10 ಮಿ.ಮೀ. ದಪ್ಪದ ಫ್ಲ್ಯಾಂಜಿಗೆ ಅಂಗಡಿಯ ಮಾಮೂಲಿ ಶೀಟ್ ಸ್ಕ್ರೂ ಆಗುವುದೇ ಇಲ್ಲ, ಅಲ್ಲಿ ಬೋಲ್ಟೇ ಬೇಕು.

ಸಂಜೆ ಬಿಸಿಲು ಇಳಿದ ಮೇಲೆ ಯಾರೂ ನಡೆಯದೆ ಟಕ್ ಅಂದರೆ ಅದು ಶೀಟಿನ ಕೆಳಗಿರುವ ಕಬ್ಬಿಣ ತಣ್ಣಗಾಗುವ ಸದ್ದು. ಸುಮ್ನೆ ಬಿಟ್ಟುಬಿಡಿ.

ಲಕ್ಷಣ: ನೆಲದ ಮೇಲೆ ಉದ್ದಕ್ಕೂ ಉಬ್ಬಿದ ಗೆರೆ

ನೆಲದ ನಡುವೆ ಒಂದು ಗೆರೆಯ ಹಾಗೆ ಕಾಲಿಗೆ ಎಡವುತ್ತದೆ. ಎರಡೂ ಕಡೆ ನೆಲ ಇಳಿದಂತೆ ಕಾಣುತ್ತದೆ. ಮನೆಯವರು ತೊಲೆ ಮೇಲಕ್ಕೆ ಎದ್ದಿದೆ ಅಂದುಕೊಳ್ಳುತ್ತಾರೆ. ತೊಲೆ ಇದ್ದಲ್ಲೇ ಇದೆ, ಪಕ್ಕದ ಜಂತೆಗಳು ಕುಗ್ಗಿವೆ.

ಜಂತೆಗಳನ್ನು ಐ ಬೀಮಿನ ಮೇಲೆ ಇಡದೆ, ಪಕ್ಕದಲ್ಲಿ ವೆಬ್ಬಿಗೆ ಸೇರಿಸಿ ಎರಡರ ತಲೆಯೂ ಒಂದೇ ಮಟ್ಟಕ್ಕೆ ತಂದಾಗ ಹೀಗಾಗುತ್ತದೆ. ರಸಮಟ್ಟವನ್ನು ಉಬ್ಬಿನ ಮೇಲೆ ಅಡ್ಡ ಇಟ್ಟು ಎರಡೂ ಕಡೆಯ ಸಂದು ಅಳೆಯಿರಿ. ಎರಡು ಕಡೆ ಸಮ ಇದ್ದು, ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ ಆಗುತ್ತಿದ್ದರೆ ಅಪಾಯವಿಲ್ಲ. ಪೂರ್ತಿ ಒಣಗುವ ತನಕ ಕಾಯಿರಿ. ಆಮೇಲೆ ಜಂತೆಯ ಮೇಲೆ ತೆಳು ಪಟ್ಟಿ ಕೊಟ್ಟು ಹಲಗೆ ಮಟ್ಟ ಮಾಡಿಸಿ. ಹೊಸದಾಗಿ ಮಾಡಿಸುವವರು ಒಣಗಿದ ಮರವನ್ನೇ ಹಾಕಿ. ಅದು ಆಗದಿದ್ದರೆ ಜಂತೆಯ ತಲೆ ಕಬ್ಬಿಣಕ್ಕಿಂತ ಕೆಲವು ಮಿ.ಮೀ. ಮೇಲೆ ಇರುವ ಹಾಗೆ ಕೂರಿಸಿ.

ಮರ ಒಣಗಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಅದೇ ಮರದ ನಡುವಿನಿಂದ ಕೈಯಗಲ ತುಂಡು ಕತ್ತರಿಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಆಗಾಗ ತೂಗಿ. 1000 ಗ್ರಾಂ ಇದ್ದದ್ದು 800ಕ್ಕೆ ಬಂತು ಅಂದರೆ ಆ ಮರ ಕಟ್ಟಡಕ್ಕೆ ಹಸಿ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್, ಹಲಸು ಸೀಳಿಸಿ ಅದೇ ತಿಂಗಳು ಜಂತೆ ಮಾಡುವ ಅಭ್ಯಾಸ ನಮ್ಮಲ್ಲಿ ಇದೆ. ಮರ ಒಳ್ಳೆಯದೇ ಇರಬಹುದು. ಅದಕ್ಕೆ ಒಣಗಲು ಕಾಲ ಕೊಡಲಿಲ್ಲ ಅಷ್ಟೆ.

ಉಬ್ಬು ಒಂದು ಕಡೆ ಮಾತ್ರ ಇದ್ದು ಇನ್ನೊಂದು ಕಡೆ ಇಳಿಯುತ್ತಲೇ ಹೋಗುತ್ತಿದ್ದರೆ ಕಥೆ ಬೇರೆ. ಜಂತೆಯ ತುದಿ ಕೂತಿರುವ ಆಂಗಲ್ಲಿನ (L ಆಕಾರದ ಕಬ್ಬಿಣದ ಪಟ್ಟಿಯ) ವೆಲ್ಡಿಂಗ್ ಬಿಟ್ಟಿರಬಹುದು. ಕೆಳಗಿನಿಂದ ವೆಲ್ಡಿಂಗ್ ಗೆರೆ ನೋಡಿ. ಅಲ್ಲಿ ಪೇಂಟ್ ಸೀಳಿ ತುಕ್ಕಿನ ಸಣ್ಣ ಗೆರೆ ಕಂಡರೆ ಆ ಭಾಗದ ಮೇಲೆ ಓಡಾಟ ನಿಲ್ಲಿಸಿ, ಇಂಜಿನಿಯರ್‌ಗೆ ಹೇಳಿ.

ಲಕ್ಷಣ: ನಡೆದರೆ ನೆಲ ಕುಣಿಯುತ್ತದೆ

ಕುಣಿಯುವುದು ಜಂತೆಯಾ ತೊಲೆಯಾ ಅಂತ ಬೇರೆ ಮಾಡುವುದು ಮುಖ್ಯ. ಐ ಬೀಮಿನ ನೇರ ಮೇಲೆ ಒಂದು ಲೋಟ ನೀರು ಇಡಿ, ಒಂದು ಜಂತೆಯ ಮೇಲೆ, ಅದರ ಉದ್ದದ ನಡುಮಧ್ಯದಲ್ಲಿ ಇನ್ನೊಂದು. ಒಬ್ಬರು ಹಿಮ್ಮಡಿ ಎತ್ತಿ ಕುಟ್ಟಲಿ. ನಡುವಿನ ಲೋಟ ಮಾತ್ರ ಅಲುಗಿದರೆ ಜಂತೆ ತೆಳು. ಎರಡೂ ಅಲುಗಿದರೆ ತೊಲೆ ಅಥವಾ ಕಂಬ.

ಜಂತೆ ತೆಳುವಾಗಿದ್ದರೆ ದಪ್ಪ ಮಾಡುವುದಕ್ಕಿಂತ ಎತ್ತರ ಮಾಡುವುದು ಲಾಭ. ಅಗಲ ಎರಡು ಪಟ್ಟು ಮಾಡಿದರೆ ಬಿಗಿ ಎರಡೇ ಪಟ್ಟು ಆಗುತ್ತದೆ. 4 ಇಂಚಿನ ಎತ್ತರವನ್ನು 6 ಇಂಚು ಮಾಡಿದರೆ ಮೂರು ಪಟ್ಟಿಗಿಂತ ಜಾಸ್ತಿ. ಎತ್ತರ ಏರಿಸಲು ಜಾಗ ಇಲ್ಲದಿದ್ದರೆ ಜಂತೆಗಳ ನಡುವೆ ಅಡ್ಡ ತುಂಡುಗಳನ್ನು ಬಿಗಿಯಾಗಿ ಕೂರಿಸಿ. ಒಂದರ ಭಾರವನ್ನು ಪಕ್ಕದ್ದೂ ಹಂಚಿಕೊಳ್ಳುತ್ತದೆ, ಕುಣಿತ ಗೊತ್ತಾಗುವಷ್ಟು ಇಳಿಯುತ್ತದೆ. ಖರ್ಚೂ ಕಡಿಮೆ.

ತೊಲೆಯೇ ಅಲುಗಿದರೆ ನೋಡಬೇಕಾದದ್ದು ಜಂತೆ ಅದಕ್ಕೆ ಹೇಗೆ ಸೇರಿದೆ ಅಂತ. ಐ ಬೀಮ್ ಮೇಲಿನ ಭಾರಕ್ಕೆ ಕೆಳಗೆ ಬಾಗುವ ಮೊದಲೇ ಪಕ್ಕಕ್ಕೆ ಹೊರಳಬಹುದು. ಮೇಲಿನ ಫ್ಲ್ಯಾಂಜನ್ನು ಯಾರಾದರೂ ಪಕ್ಕದಿಂದ ಹಿಡಿದಿರಬೇಕು. ಆ ಕೆಲಸವನ್ನು ಜಂತೆಗಳೇ ಮಾಡಬೇಕು. ಜಂತೆಯನ್ನು ಸುಮ್ನೆ ತೊಲೆಯ ಮೇಲೆ ಇಟ್ಟು ಬಿಟ್ಟಿದ್ದರೆ ಹಿಡಿತ ಇಲ್ಲ. ಸರಿಯಾದ ರೀತಿ ಅಂದರೆ ಫ್ಲ್ಯಾಂಜಿನ ಮೇಲೆ ಒಂದು ಮರದ ಪಟ್ಟಿ ಇಟ್ಟು 12 ಮಿ.ಮೀ. ಬೋಲ್ಟುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬರುವಂತೆ ಹಾಕುವುದು, ಆ ಪಟ್ಟಿಗೆ ಪ್ರತಿ ಜಂತೆಯನ್ನೂ ಕಟ್ಟುವುದು, ತೊಲೆಯ ನೇರಕ್ಕೆ ಜಂತೆಗಳ ನಡುವೆ ಅಡ್ಡ ತುಂಡು ಕೊಡುವುದು. ಎರಡು ಅಡಿಗೊಂದು ಬೋಲ್ಟು ಅಂತ ನಾನು ಹಾಕಿಸುತ್ತೇನೆ.

ಬೋಲ್ಟಿನ ತೂತನ್ನು ಡ್ರಿಲ್ಲಿನಿಂದಲೇ ಮಾಡಬೇಕು. 12 ಮಿ.ಮೀ. ಬೋಲ್ಟಿಗೆ 13 ಮಿ.ಮೀ. ತೂತು, ಅಂಚಿನಿಂದ ತೂತಿನ ನಡುವಿಗೆ ಕಡಿಮೆ ಅಂದರೂ 20 ಮಿ.ಮೀ. ಗ್ಯಾಸ್ ಕಟ್ಟರಿನಲ್ಲಿ ಸುಟ್ಟು ಮಾಡಿದ ಹರುಕು ತೂತು ಕೆಳಗಿನ ಫ್ಲ್ಯಾಂಜಿನ ನಡುಭಾಗದಲ್ಲಿ ಕಂಡರೆ ಅದನ್ನು ಗುರುತು ಮಾಡಿ. ಎಳೆತ ಅತಿ ಜಾಸ್ತಿ ಇರುವ ಜಾಗ ಅದು. ಮುಚ್ಚಿ ಪೇಂಟ್ ಹೊಡೆಯುವ ಮೊದಲು ಇಂಜಿನಿಯರ್ ಒಬ್ಬರು ನೋಡಲಿ.

ಲಕ್ಷಣ: ತೊಲೆ ಬಾಗಿದೆ ಅನ್ನಿಸುತ್ತದೆ

ಕಣ್ಣು ಮೋಸ ಮಾಡುತ್ತದೆ. ತೊಲೆಯ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಾಗಿ ಕಟ್ಟಿ. ಎರಡೂ ತುದಿಯಲ್ಲಿ ಒಂದೇ ದಪ್ಪದ ಮರದ ಚೂರು ಇಟ್ಟು ದಾರ ಕಟ್ಟಿದರೆ ನಡುವಿನಲ್ಲಿ ಎಷ್ಟು ಕಡಿಮೆ ಬಂತೋ ಅಷ್ಟು ಬಾಗು.

ನಮ್ಮ ದೇಶದ ಉಕ್ಕಿನ ಕಟ್ಟಡದ ನಿಯಮ ಐಎಸ್ 800:2007. ಅದರ ಪ್ರಕಾರ ನೆಲ ಹೊರುವ ತೊಲೆ ಸಾಮಾನ್ಯವಾಗಿ ಉದ್ದದ 300ನೇ ಒಂದು ಭಾಗದ ಒಳಗೆ ಬಾಗಬಹುದು. ಕೆಳಗೆ ಬಿರುಕು ಬಿಡುವ ಗಾರೆ, ಟೈಲ್ಸ್ ಇದ್ದರೆ 360ನೇ ಒಂದು ಭಾಗ. 4 ಮೀಟರ್ ತೊಲೆಗೆ ಅದು 13 ಮತ್ತು 11 ಮಿ.ಮೀ. ಆದರೆ ಇದು ಭಾರ ಹೇರಿದಾಗ ಬರುವ ಬಾಗು. ದಾರದಲ್ಲಿ ಕಾಣುವುದರಲ್ಲಿ ಕಬ್ಬಿಣ ಬರುವಾಗಲೇ ಇದ್ದ ಬಾಗೂ ಸೇರಿರುತ್ತದೆ. ಆದ್ದರಿಂದ ಒಂದು ಸಲದ ಅಳತೆಗಿಂತ ಎರಡು ಅಳತೆಗಳ ವ್ಯತ್ಯಾಸಕ್ಕೆ ಬೆಲೆ ಕೊಡಿ. ಅಟ್ಟ ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು.

ತುಂಬಿದಾಗ ಅಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಸದ ಮನೆಯ ನೆಲಕ್ಕೆ ಲೆಕ್ಕ ಹಾಕುವಾಗ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಒಂದು 50 ಕೆ.ಜಿ. ಕಾಫಿ ಚೀಲ ಮಲಗಿಸಿದರೆ ಹತ್ತಿರ ಹತ್ತಿರ ಅರ್ಧ ಚದರ ಮೀಟರ್ ಹಿಡಿಯುತ್ತದೆ. ನಾಲ್ಕು ಚೀಲ ಒಂದರ ಮೇಲೊಂದು ಪೇರಿಸಿದರೆ ಚದರ ಮೀಟರಿಗೆ 400 ಕೆ.ಜಿ. ಆಯಿತು. ಲೆಕ್ಕಕ್ಕಿಂತ ಎರಡು ಪಟ್ಟು. ಮಲಗುವ ಕೋಣೆ ಅಂತ ಕಟ್ಟಿದ ಅಟ್ಟದಲ್ಲಿ ಒಳ್ಳೆ ರೇಟು ಬರುವ ತನಕ ಚೀಲ ಪೇರಿಸಿಡುವುದು ಕೊಡಗಿನಲ್ಲಿ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ತೊಲೆ ಬಾಗಿದ್ದಕ್ಕೆ ಮೊದಲ ಪರೀಕ್ಷೆ ಇದೇ. ಚೀಲ ಇಳಿಸಿ, ಒಂದೆರಡು ದಿನ ಬಿಟ್ಟು ದಾರ ಮತ್ತೆ ನೋಡಿ.

ಕಬ್ಬಿಣ ಹಿಂದಕ್ಕೆ ಬಂದು ನೇರ ನಿಂತರೆ ಅದು ಗಾಯವಾಗದೆ ಉಳಿದಿದೆ. ಬಾಗು ಹಾಗೇ ಉಳಿದರೆ, ಅದು ಮೊದಲಿನಿಂದಲೂ ಇದ್ದದ್ದಲ್ಲ ಅಂತ ಗೊತ್ತಿದ್ದರೆ, ತೊಲೆ ಮಿತಿ ದಾಟಿದೆ. ಮತ್ತೆ ಭಾರ ಹೇರಬೇಡಿ. ದಾರ ಕಟ್ಟಿ ನೋಡಿದಾಗ ಕಬ್ಬಿಣ ನೇರವಿದ್ದು ನೆಲ ಮಾತ್ರ ಜೋತಿದ್ದರೆ ಅದು ಮರದ ಗುಣ. ಯಾವಾಗಲೂ ಭಾರ ಹೊತ್ತಿರುವ ಮರ, ಅದರಲ್ಲೂ ತೇವದ ಮರ, ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ.

ತೊಲೆಯ ತುದಿ ಗೋಡೆಯ ಮೇಲೆ ಕೂತಿರುವ ಜಾಗವನ್ನೂ ನೋಡಿ. ಹಳೆ ಮನೆಗಳ ಮಣ್ಣಿನ ಗೋಡೆ, ಕೆಸರು ಗಾರೆಯ ಕಲ್ಲಿನ ಗೋಡೆ ಮೇಲೆ ಐ ಬೀಮಿನ ಬರೀ 100 ಮಿ.ಮೀ. ಅಗಲದ ಫ್ಲ್ಯಾಂಜ್ ನೇರ ಕೂತರೆ ಗೋಡೆ ಅಲ್ಲೇ ಜಜ್ಜುತ್ತದೆ. ತೊಲೆಯ ಕೆಳಗಿನಿಂದ ಶುರುವಾಗಿ ಮೆಟ್ಟಿಲಿನ ಹಾಗೆ ಇಳಿಯುವ ಬಿರುಕು ಅದರ ಗುರುತು. ಅಲ್ಲಿ ಕಾಂಕ್ರೀಟಿನ ಬೆಡ್ ಬ್ಲಾಕ್ ಅಥವಾ ದೊಡ್ಡ ಕಲ್ಲು ಬೇಕಿತ್ತು. ಈಗ ಹಾಕಬೇಕಾದರೆ ತೊಲೆಗೆ ಆಸರೆ ಕೊಟ್ಟು ಮಾಡಬೇಕು. ಮನೆಯವರು ತಾವೇ ಮಾಡುವ ಕೆಲಸ ಅಲ್ಲ.

ಲಕ್ಷಣ: ಜಂತೆಯ ತುದಿಯಲ್ಲಿ ಉದ್ದಕ್ಕೆ ಸೀಳು

ಜಂತೆಯ ಬದಿಯಲ್ಲಿ ಒಣಗಿ ಬಂದ ಸಣ್ಣ ಸೀಳುಗಳಿಗೆ ಹೆದರಬೇಡಿ. ಹೆದರಬೇಕಾದದ್ದು ಕಚ್ಚಿನ ಮೂಲೆಯಿಂದ ಹೊರಟ ಸೀಳಿಗೆ. ಫ್ಲ್ಯಾಂಜಿನ ಮೇಲೆ ಕೂರಿಸಲು ಜಂತೆಯ ಕೆಳಗಿನ ಮೂಲೆ ಕತ್ತರಿಸುತ್ತಾರಲ್ಲ, ಆ ಒಳ ಮೂಲೆಯಲ್ಲಿ ಎಳೆತ ಸೇರುತ್ತದೆ. ಸೀಳು ಅಲ್ಲಿಂದ ಜಂತೆಯ ನಡುವಿನ ಕಡೆಗೆ ಓಡುತ್ತದೆ. ಆಗ 200 ಮಿ.ಮೀ. ಜಂತೆಯಲ್ಲಿ ಕೆಲಸ ಮಾಡುವುದು ಕಚ್ಚಿನ ಮೇಲೆ ಉಳಿದಷ್ಟು ಮರ ಮಾತ್ರ.

ಸೀಳಿನ ತುದಿಗೆ ಪೆನ್ಸಿಲ್ ಗೆರೆ, ತಾರೀಕು. ಅದು ಬೆಳೆಯದಿದ್ದರೂ ಇಂಥ ತುದಿಗೆ ಕೆಳಗಿನಿಂದ ಆಸರೆ ಬೇಕೇ ಬೇಕು. ವೆಬ್ಬಿಗೆ ಬೋಲ್ಟ್ ಮಾಡಿದ ದಪ್ಪ ಆಂಗಲ್ ಅಥವಾ ಕಬ್ಬಿಣದ ತೊಟ್ಟಿಲು ಜಂತೆಯ ಪೂರ್ತಿ ತಳವನ್ನು ಹಿಡಿಯಬೇಕು. ಸೀಳಿಗೆ ಮೊಳೆ ಹೊಡೆದು ಮುಚ್ಚುವುದನ್ನು ಮಾತ್ರ ಮಾಡಬೇಡಿ, ಸೀಳು ಇನ್ನೂ ಓಡುತ್ತದೆ.

ಲಕ್ಷಣ: ಕಪ್ಪು ಕಲೆ, ಕೆಂಪು ನೀರು, ಮರದ ಪುಡಿ

ಬೋಲ್ಟಿನ ಸುತ್ತ ಮರ ಕಪ್ಪಾಗಿದ್ದರೆ ಅಲ್ಲಿ ತೇವ ಸೇರಿದೆ. ಮರದ ಒಗರು ಮತ್ತು ಕಬ್ಬಿಣ ನೀರಿನಲ್ಲಿ ಕೂಡಿದಾಗ ಆ ಬಣ್ಣ ಬರುತ್ತದೆ. ಬರೀ ಬಣ್ಣ ಆಗಿದ್ದರೆ ಚಿಂತೆ ಇಲ್ಲ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರದಲ್ಲಿ ತುದಿ ಗೀರು ಮಾತ್ರ ಮಾಡುತ್ತದೆ. ಬೆಣ್ಣೆಯ ಹಾಗೆ ಇಳಿದರೆ ಒಳಗೆ ಕೊಳೆತಿದೆ.

ಮಾಡಿನಿಂದ ಸೋರದಿದ್ದರೂ ಮಳೆಗಾಲದಲ್ಲಿ ಕಬ್ಬಿಣ ಬೆವರುತ್ತದೆ. ಮಂಜಿನ ಗಾಳಿ ತಣ್ಣನೆ ಕಬ್ಬಿಣಕ್ಕೆ ತಾಗಿ ನೀರಾಗಿ ಅದರ ಮೇಲಿನ ಮರಕ್ಕೆ ಇಳಿಯುತ್ತದೆ. ಮರದ ತೇವ 20 ಶೇಕಡಾ ಒಳಗೆ ನಿಂತರೆ ಕೊಳೆ ಹಿಡಿಯುವ ಶಿಲೀಂಧ್ರ ಬೆಳೆಯುವುದಿಲ್ಲ. ಆದ್ದರಿಂದ ಎರಡರ ನಡುವೆ ಟಾರ್ ಫೆಲ್ಟ್ (ಡಾಂಬರು ಹಾಳೆ) ಪಟ್ಟಿ ಇರಲಿ, ಕಬ್ಬಿಣಕ್ಕೆ ಮರ ಕೂರಿಸುವ ಮೊದಲೇ ಪ್ರೈಮರ್ ಮತ್ತು ಪೇಂಟ್ ಆಗಿರಲಿ. ತಾಮ್ರ ಇರುವ ಮದ್ದು ಹೊಡೆದ ಮರವಾದರೆ ಸಾದಾ ಬೋಲ್ಟು ಬೇಗ ತಿಂದು ಹೋಗುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟು ಅಥವಾ ಸ್ಟೇನ್‌ಲೆಸ್ ಕೇಳಿ.

ಹಿಟ್ಟಿನಂಥ ನಯ ಪುಡಿ ಕೆಳಗೆ ಬಿದ್ದಿದ್ದರೆ ಕುಟ್ಟೆ ಹುಳು. ಸಿಲ್ವರ್ ಓಕಿನಲ್ಲಿ, ಬೇರೆ ಮರಗಳ ಬಿಳಿ ಭಾಗದಲ್ಲಿ ಜಾಸ್ತಿ. ಗೆದ್ದಲಾದರೆ ಪುಡಿಯ ಬದಲು ಮಣ್ಣಿನ ದಾರಿ ಕಾಣುತ್ತದೆ. ಕಬ್ಬಿಣದ ಕಂಬ ಹಾಕಿದ್ದೇವೆ, ಗೆದ್ದಲು ಬರಲ್ಲ ಅಂತ ನಂಬಬೇಡಿ. ಅದು ಕಬ್ಬಿಣದ ಮೇಲೆ ಮಣ್ಣು ಮೆತ್ತಿಕೊಂಡು ಹತ್ತುತ್ತದೆ. ಪೊಳ್ಳು ಪೈಪಿನ ಒಳಗಿನಿಂದ ಹತ್ತಿದರಂತೂ ಹೊರಗೆ ಏನೂ ಕಾಣುವುದಿಲ್ಲ. ಕಂಬದ ತಲೆಯ ಹತ್ತಿರದ ಮರವನ್ನೇ ಚುಚ್ಚಿ ನೋಡಬೇಕು.

ಲಕ್ಷಣ: ಕಂಬದ ಬುಡ ತುಕ್ಕು ಹಿಡಿದಿದೆ, ಅಥವಾ ಕಂಬ ಇಳಿದಿದೆ

ನನಗೆ ನಿಜವಾಗಿ ಆತಂಕ ಆಗುವುದು ಇಲ್ಲಿ. ಕಂಬದ ನಡುಭಾಗ ಹೊಸದರಂತೆ ಹೊಳೆಯುತ್ತಿರುತ್ತದೆ. ಬುಡದ ಒಂದು ಗೇಣು ಮಾತ್ರ ಮಣ್ಣು, ತರಗೆಲೆ, ಮಳೆನೀರಿನಲ್ಲಿ ಮುಳುಗಿರುತ್ತದೆ. ಮಣ್ಣು ಸರಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಕಬ್ಬಿಣ ಉಳಿದಿದೆ. ಮಂದ ಸದ್ದು ಬಂದು ಪದರ ಪದರ ಉದುರಿದರೆ ಸ್ಕ್ರೂಡ್ರೈವರ್ ಒತ್ತಿ. ತೂತು ಬಿತ್ತು ಅಂದರೆ ಅವತ್ತೇ ಆ ಭಾಗ ಖಾಲಿ ಮಾಡಿ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಬುಡದ ಕಾಂಕ್ರೀಟು ಸೀಳಿದ್ದಕ್ಕೂ ಅದೇ ಕಾರಣ ಇರಬಹುದು.

ಪೊಳ್ಳು ಪೈಪಾದರೆ ತಲೆಯ ಮೇಲೆ ತಗಡು ಪೂರ್ತಿ ವೆಲ್ಡ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಮಳೆನೀರು ಒಳಗೆ ತುಂಬಿ ಒಳಗಿನಿಂದ ತಿನ್ನುತ್ತದೆ.

ಕಂಬ ಇಳಿದಿದೆಯಾ ತಿಳಿಯಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಗಾರೆಯವರು ಮಟ್ಟ ನೋಡುವ ರೀತಿಯೇ ಸಾಕು. ಎಲ್ಲ ಕಂಬಗಳಿಗೂ ಒಂದೇ ಮಟ್ಟದ ಗುರುತು ಹಾಕಿ. ಮಳೆಗಾಲಕ್ಕೆ ಮೊದಲು, ಮಳೆಗಾಲ ಕಳೆದು ಮತ್ತೆ ನೋಡಿ.

ಇಳಿಯುವುದು ಏಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ನಡುವಿನ ಕಂಬ ಹೊರುವುದು ತನ್ನ ಸುತ್ತಲಿನ ಅರ್ಧರ್ಧ ಅಂತರದ ಭಾರ. ಕಂಬದಿಂದ ಕಂಬಕ್ಕೆ 3 ಮೀಟರ್, ಜಂತೆಗಳು ಎರಡೂ ಕಡೆ 4 ಮೀಟರ್ ಇದ್ದರೆ ಆ ಕಂಬದ ಪಾಲು 3 × 4, ಅಂದರೆ 12 ಚದರ ಮೀಟರ್. ಮರದ ನೆಲದ ಸ್ವಂತ ತೂಕ 50, ಬಳಕೆಯ ಭಾರ 200, ಒಟ್ಟು ಚದರ ಮೀಟರಿಗೆ 250 ಕೆ.ಜಿ. ಹಿಡಿದರೆ 3000 ಕೆ.ಜಿ. ಮೇಲೆ ಮಂಗಳೂರು ಹೆಂಚಿನ ಮಾಡೂ ಇದೇ ಕಂಬದ ಮೇಲಿದ್ದರೆ ಹೆಂಚು ರೀಪು ಸೇರಿ 65, ಮಾಡಿನ ಬಳಕೆಯ ಭಾರ 75, ಅದರಿಂದ ಇನ್ನೂ 1680. ಹೆಚ್ಚು ಕಡಿಮೆ 4.7 ಟನ್.

ಈ ಭಾರ ಮಣ್ಣಿಗೆ ಇಳಿಯಬೇಕು. ಗಟ್ಟಿ ನೆಲ ಚದರ ಮೀಟರಿಗೆ 10 ಟನ್ ತಡೆಯುತ್ತದೆ ಅಂತ ಇಟ್ಟುಕೊಂಡರೂ 70 ಸೆಂ.ಮೀ. ಚೌಕದ ಪಾಯ ಬೇಕು. ಒಂದಡಿ ಚೌಕದ ಚಪ್ಪಡಿ ಕಲ್ಲಿನ ಮೇಲೆ ಕಂಬ ನಿಲ್ಲಿಸಿದರೆ ಅದರ ಕೆಳಗಿನ ಮಣ್ಣಿಗೆ ಬೀಳುವುದು ಚದರ ಮೀಟರಿಗೆ 50 ಟನ್. ಐದು ಪಟ್ಟು. ಗುಡ್ಡ ಕಡಿದು ಆ ಮಣ್ಣನ್ನೇ ಹೊರ ಅಂಚಿಗೆ ತುಂಬಿ ಮಟ್ಟ ಮಾಡಿದ ಜಾಗದಲ್ಲಿ 10 ಟನ್ ಕೂಡ ಸಿಗುವುದಿಲ್ಲ. ಹೊರಗಿನ ಸಾಲಿನ ಕಂಬಗಳೇ ಮೊದಲು ಇಳಿಯುವುದು ಅದಕ್ಕೆ. ಪೈಪ್ ದಪ್ಪ ಮಾಡಿದರೆ ಇದು ಸರಿ ಹೋಗುತ್ತಾ? ಇಲ್ಲ. ಪಾಯವನ್ನು ಅಗಲ ಮಾಡಿ, ಕಡಿಯದ ಗಟ್ಟಿ ಮಣ್ಣಿನ ತನಕ ಇಳಿಸಬೇಕು. ಮಾಡಿನ ನೀರು ಕಂಬದ ಬುಡಕ್ಕೆ ಬೀಳುತ್ತಿದ್ದರೆ ಇವತ್ತೇ ಮಾಡಿನ ಅಂಚಿಗೆ ನೀರಿನ ದೋಣಿ ಕಟ್ಟಿ ದೂರ ಬಿಡಿ, ಖರ್ಚಿಲ್ಲದ ರಿಪೇರಿ ಅದೊಂದೇ.

ಲಕ್ಷಣ: ಕಂಬ ಬಾಗಿದೆ, ಅಥವಾ ದೂಡಿದರೆ ಅಲ್ಲಾಡುತ್ತದೆ

ತೂಗುಗುಂಡು ಬಿಟ್ಟು ತಲೆ, ನಡು, ಬುಡ ಮೂರೂ ಕಡೆ ದಾರದಿಂದ ಅಂತರ ಅಳೆಯಿರಿ. ಅಂತರ ಒಂದೇ ಕ್ರಮದಲ್ಲಿ ಬದಲಾದರೆ ಕಂಬ ವಾಲಿದೆ. ನಡುವಿನಲ್ಲಿ ಮಾತ್ರ ಬದಲಾದರೆ ಬಿಲ್ಲಿನಂತೆ ಬಾಗಿದೆ. ವಾಲಿದ್ದು ಪಾಯದ ಅಥವಾ ಕಟ್ಟುವಾಗಿನ ದೋಷ. ಬಾಗಿದ್ದು ಕಂಬದ್ದೇ ಸೋಲು, ಕೂಡಲೇ ಕೆಳಗಿಂದ ಜನರನ್ನು ಕಳಿಸಿ.

ಕಂಬದ ಸೈಜ್ ಅಂದರೆ ಜನ ತೂಕ ನೋಡುತ್ತಾರೆ. ಕಂಬ ತೆಳುವಾಗಿ ಉದ್ದವಾದಷ್ಟೂ ಮುಖ್ಯ ಆಗುವುದು ಅದರ ಆಕಾರ ಮತ್ತು ಉದ್ದ. 150 ಮಿ.ಮೀ. ಸೈಜಿನ ಐ ಬೀಮನ್ನು ಕಂಬವಾಗಿ ನಿಲ್ಲಿಸಿದರೆ ಅದು ಒಂದು ದಿಕ್ಕಿಗೆ ಗಟ್ಟಿ, ಇನ್ನೊಂದು ದಿಕ್ಕಿಗೆ ಬಹಳ ಮೆತ್ತಗೆ. 3 ಮೀಟರ್ ಎತ್ತರಕ್ಕೇ ಅದರ ಸಣಕಲುತನದ ಲೆಕ್ಕ (ಕಂಬ ತನ್ನ ಗಾತ್ರಕ್ಕೆ ಎಷ್ಟು ಉದ್ದ ಅನ್ನುವ ಅನುಪಾತ, ಜಾಸ್ತಿ ಆದಷ್ಟೂ ಬಾಗುವುದು ಸುಲಭ) 180ರ ಹತ್ತಿರ ಬರುತ್ತದೆ, ಐಎಸ್ 800 ಇಂಥ ಕಂಬಕ್ಕೆ ಒಪ್ಪುವ ಕೊನೆಯ ಮಿತಿ ಅದು. ಅದೇ 3 ಮೀಟರಿಗೆ 100 × 100, 4 ಮಿ.ಮೀ. ದಪ್ಪದ ಸ್ಕ್ವೇರ್ ಪೈಪಿನ ಲೆಕ್ಕ 77 ಸುಮಾರು. ತೂಕ ನೋಡಿದರೆ ಐ ಬೀಮ್ ಮೀಟರಿಗೆ 15 ಕೆ.ಜಿ., ಪೈಪ್ 12ಕ್ಕಿಂತ ಕಡಿಮೆ. ಕಡಿಮೆ ಕಬ್ಬಿಣ, ಜಾಸ್ತಿ ಬಲ.

ಇಳಿಜಾರಿನ ಮನೆಯಲ್ಲಿ ಒಳಸಾಲಿನ ಕಂಬ 3 ಮೀಟರ್, ಹೊರಸಾಲಿನದು 5 ಮೀಟರ್ ಇರುತ್ತದೆ. ಎರಡಕ್ಕೂ ಒಂದೇ ಪೈಪ್ ತರುತ್ತಾರೆ. ಸಣಕಲು ಕಂಬದ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಹೊರಗಿನ ಕಂಬಕ್ಕೆ ಒಳಗಿನದರ ಮೂರನೇ ಒಂದು ಭಾಗದಷ್ಟೇ ಬಲ ಉಳಿಯಬಹುದು. ಕಂಬಗಳ ನಡುವೆ ಓರೆ ಪಟ್ಟಿ ಕೊಟ್ಟರೆ ಅಲ್ಲಾಟ ನಿಲ್ಲುತ್ತದೆ, ಲೆಕ್ಕದ ಉದ್ದವೂ ಕಡಿಮೆ ಆಗುತ್ತದೆ. ನೋಟ ಕೆಡುತ್ತದೆ ಅಂತ ಹೋಮ್‌ಸ್ಟೇಯವರು ಇದನ್ನು ಬಿಡಿಸುತ್ತಾರೆ. ದಯವಿಟ್ಟು ಬಿಡಿಸಬೇಡಿ.

ಪೈಪಿನ ದಪ್ಪದಲ್ಲೂ ಹುಷಾರು. 100 × 100 ಪೈಪ್ ಹೊರಗಿನಿಂದ ಎಲ್ಲ ಒಂದೇ. 6 ಮೀಟರಿನ ಒಂದು ಉದ್ದ 4 ಮಿ.ಮೀ. ಆದರೆ 70 ಕೆ.ಜಿ., 2 ಮಿ.ಮೀ. ಆದರೆ 37 ಕೆ.ಜಿ. ತೂಗುತ್ತದೆ. ಗೇಟಿಗೆ ತರುವ ಪೈಪನ್ನು ಕಂಬಕ್ಕೆ ನಿಲ್ಲಿಸಬೇಡಿ. ಅಂಗಡಿಯಲ್ಲೇ ತೂಗಿಸಿ.

ಕಂಬದ ಬುಡದ ತಗಡು, ಅಂದರೆ ಬೇಸ್ ಪ್ಲೇಟಿನ ನಾಲ್ಕು ಆಂಕರ್ ಬೋಲ್ಟ್ ಬಿಗಿ ಇವೆಯಾ, ಪ್ಲೇಟಿನ ಕೆಳಗೆ ಗಾರೆ ತುಂಬಿದೆಯಾ ಅಥವಾ ಬರೀ ನಾಲ್ಕು ಕಬ್ಬಿಣದ ಚೂರಿನ ಮೇಲೆ ಕೂತಿದೆಯಾ, ಇದನ್ನು ನೋಡಲು ಒಂದು ನಿಮಿಷ ಸಾಕು.

ವೆಲ್ಡಿಂಗ್ ಮತ್ತು ಜಾಕಿ

ಮರದ ಪಕ್ಕ ವೆಲ್ಡಿಂಗ್ ಮಾಡಿಸುವಾಗ ಕಿಡಿ ಹಲಗೆಯ ಸಂದಿಗೆ ಬಿದ್ದು ಗಂಟೆಗಟ್ಟಲೆ ಒಳಗೇ ಕನಲುತ್ತಿರುತ್ತದೆ. ಸಾಧ್ಯವಾದಷ್ಟು ವೆಲ್ಡಿಂಗ್ ನೆಲದ ಮೇಲೇ ಮುಗಿಸಿ, ಮೇಲೆ ಬೋಲ್ಟ್ ಮಾತ್ರ ಹಾಕಿಸಿ. ಆಗದಿದ್ದರೆ ಮರಕ್ಕೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ನೀರಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೂ ಕತ್ತಲಾಗುವ ತನಕ ಒಬ್ಬರು ಕಾವಲಿರಲಿ. ಸಂಜೆ ಐದಕ್ಕೆ ವೆಲ್ಡಿಂಗ್ ಮುಗಿಸಿ ಬೀಗ ಹಾಕಿ ಹೋಗುವುದು ಅತಿ ಅಪಾಯದ ಅಭ್ಯಾಸ.

ಇಳಿದ ತೊಲೆಯನ್ನು ಜೀಪಿನ ಜಾಕಿ ಕೊಟ್ಟು ಒಂದೇ ಸಲಕ್ಕೆ ಎತ್ತಬೇಡಿ. ಗೋಡೆ, ಹೆಂಚು, ಬಾಗಿಲು ಚೌಕಟ್ಟು ಎಲ್ಲ ಹೊಸ ಜಾಗಕ್ಕೆ ಒಗ್ಗಿಕೊಂಡಿರುತ್ತವೆ. ಜಾಕಿ ಜಾರಿದರೆ ಕೆಳಗಿದ್ದವರ ಪ್ರಾಣಕ್ಕೇ ಸಂಚಕಾರ. ಆಸರೆಗೆ ತಿರುಪಿನ ಕಬ್ಬಿಣದ ಪ್ರಾಪ್ಸ್ ಬಾಡಿಗೆಗೆ ಸಿಗುತ್ತವೆ. ತಲೆಗೂ ಬುಡಕ್ಕೂ ದಪ್ಪ ಹಲಗೆ ಕೊಟ್ಟು, ಮುಟ್ಟುವಷ್ಟು ಮಾತ್ರ ಬಿಗಿ ಮಾಡಿ. ಎತ್ತುವುದು ಇಂಜಿನಿಯರ್ ಬಂದ ಮೇಲೆ.

ಹೊರಗೆ ಓಡಬೇಕಾದ ಲಕ್ಷಣಗಳು

ಮಳೆ ಹಿಡಿದಾಗ ಕಂಬದ ಜೊತೆ ಅಂಗಳದ ನೆಲವೂ ಬಿರಿದರೆ, ಗುಡ್ಡದ ಕಡೆಯ ಮರಗಳು ವಾಲಿದರೆ, ಇಲ್ಲದ ಕಡೆ ಕೆಸರು ನೀರು ಉಕ್ಕಿದರೆ ಅದು ಬೋಲ್ಟಿನ ವಿಷಯ ಅಲ್ಲ, ಗುಡ್ಡವೇ ಜಾರುತ್ತಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿ ಏನಾಯಿತು ಅಂತ ನಮಗೆಲ್ಲ ಗೊತ್ತು. ಅಳತೆ ತೆಗೆಯುತ್ತ ನಿಲ್ಲಬೇಡಿ. ಮನೆಯವರನ್ನೆಲ್ಲ ಕರೆದುಕೊಂಡು ಹೊರಟು, 112ಕ್ಕೆ ಮತ್ತು ಪಂಚಾಯಿತಿಗೆ ತಿಳಿಸಿ.

ಬಾಗಿಲು ಕಿಟಕಿ ಒಂದೇ ದಿನದಲ್ಲಿ ಸಿಕ್ಕಿಹಾಕಿಕೊಂಡರೆ, ಐ ಬೀಮಿನ ಕೆಳಗಿನ ಅಂಚು ಪಕ್ಕಕ್ಕೆ ತಿರುಚಿದ್ದು ಕಂಡರೆ, ಪೆನ್ಸಿಲ್ ಗೆರೆ ದಾಟಿ ಬಿರುಕು ಒಂದು ವಾರದಲ್ಲಿ ಬೆಳೆದರೆ ಮನೆಯ ಆ ಭಾಗಕ್ಕೆ ಯಾರೂ ಕಾಲಿಡಬಾರದು.

ಇಂಜಿನಿಯರ್‌ಗೆ ಕರೆ ಮಾಡುವಾಗ

ಸ್ಟ್ರಕ್ಚರಲ್ ಇಂಜಿನಿಯರ್ ಅಂತಲೇ ಕೇಳಿ. ಪ್ಲಾನ್ ಬರೆದುಕೊಡುವವರೆಲ್ಲ ಕಂಬದ ಲೆಕ್ಕ ಮಾಡುವವರಲ್ಲ. ಬರುವ ಮೊದಲು ತೊಲೆಯ ಎತ್ತರ, ಫ್ಲ್ಯಾಂಜಿನ ಅಗಲ ಮತ್ತು ದಪ್ಪ, ಆಸರೆಯಿಂದ ಆಸರೆಗೆ ಉದ್ದ, ಜಂತೆಯ ಅಳತೆ ಮತ್ತು ಅಂತರ, ಕಂಬದ ಎತ್ತರ, ಬುಡದ ಫೋಟೋ, ಖಾಲಿ ಮತ್ತು ತುಂಬಿದ ಅಟ್ಟದ ಬಾಗಿನ ಅಳತೆ ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಮೇಲೆ ಏನು ಇಡುತ್ತೀರಿ ಅಂತ ಮುಚ್ಚಿಡದೆ ಹೇಳಿ, ಕಾಫಿ ಚೀಲವೂ ಸೇರಿ. ದೊಡ್ಡ ರಿಪೇರಿಗೆ ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಆಗ ಮರ ಒಣಗಿರುತ್ತದೆ, ಪೇಂಟ್ ಹಿಡಿಯುತ್ತದೆ, ಪಾಯದ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ. ಬುಡ ತಿಂದು ಹೋದ ಕಂಬಕ್ಕೆ ಮಾತ್ರ ಕಾಲ ನೋಡಬೇಡಿ, ಮಳೆಯಲ್ಲೇ ಆದರೂ ಪ್ರಾಪ್ಸ್ ಕೊಟ್ಟು ಇಂಜಿನಿಯರನ್ನು ಕರೆಸಿ.